ದೊಡ್ಡ ಪ್ರೊಪೆಲ್ಲರ್‌ಗೆ ಬೋಲ್ಟ್ ತೂತು: ಜಿಗ್ಗೋ, ಟರ್ನರ್ ಅಂಗಡಿಯೋ, ಬರಿಗೈ ಡ್ರಿಲ್ಲೋ?

ಸಣ್ಣ ರೇಡಿಯೋ ಕಂಟ್ರೋಲ್ ವಿಮಾನ ಹಾರಿಸುವವರೆಗೆ ಪ್ರೊಪೆಲ್ಲರ್ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಡುವೆ ಒಂದು ತೂತು, ಅದರೊಳಗೆ ಎಂಜಿನ್ ಶಾಫ್ಟ್, ಮೇಲೊಂದು ನಟ್. ಸ್ಪ್ಯಾನರ್ ಹಾಕಿ ಬಿಗಿದರೆ ಕೆಲಸ ಮುಗಿಯಿತು. 50 ಸಿಸಿ ಪೆಟ್ರೋಲ್ ಎಂಜಿನ್ ಮನೆಗೆ ಬಂದ ದಿನ ಕತೆ ಬದಲಾಗುತ್ತದೆ. ಡಬ್ಬಿ ಬಿಚ್ಚಿದರೆ ಎಂಜಿನ್ ಮುಂದೆ ದಪ್ಪ ಹಬ್ (ಪ್ರೊಪೆಲ್ಲರ್ ಕೂರುವ ಲೋಹದ ಭಾಗ), ಅದರ ಸುತ್ತ ಥ್ರೆಡ್ ಇರುವ ನಾಲ್ಕು ತೂತು. ಪಕ್ಕದ ಡಬ್ಬಿಯಲ್ಲಿ 22 ಇಂಚಿನ ಮರದ ಪ್ರೊಪೆಲ್ಲರ್, ಅದಕ್ಕೆ ನಟ್ಟನಡುವೆ ಒಂದೇ ಒಂದು ತೂತು. ಉಳಿದದ್ದನ್ನು ನೀವೇ ಕೊರೆದುಕೊಳ್ಳಿ ಅಂತ ಅದರ ಅರ್ಥ.

ದೊಡ್ಡ ವಿಮಾನ ಅಂದರೆ ಎಷ್ಟು ದೊಡ್ಡದು? ಇಂಟರ್‌ನ್ಯಾಷನಲ್ ಮಿನಿಯೇಚರ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಹಾಕಿರುವ ಗೆರೆ ಹೀಗಿದೆ: ಒಂದೇ ಜೊತೆ ರೆಕ್ಕೆಯ ವಿಮಾನವಾದರೆ ತುದಿಯಿಂದ ತುದಿಗೆ 80 ಇಂಚು, ಎರಡು ಜೊತೆ ರೆಕ್ಕೆಯ ವಿಮಾನವಾದರೆ 60 ಇಂಚು, ಅಥವಾ ಅದಕ್ಕಿಂತ ಜಾಸ್ತಿ. ಈ ಗಾತ್ರಕ್ಕೆ ಬಂದರೆ 50ರಿಂದ 60 ಸಿಸಿ ಎಂಜಿನ್‌ಗೆ 22 ಅಥವಾ 23 ಇಂಚಿನ ಪ್ರಾಪ್ (ಪ್ರೊಪೆಲ್ಲರ್), 100 ಸಿಸಿಗೆ 26ರಿಂದ 28 ಇಂಚಿನದು ಸಾಮಾನ್ಯ. ಹಬ್‌ಗೆ 4 ಬೋಲ್ಟ್, ಇನ್ನೂ ದೊಡ್ಡ ಎಂಜಿನ್ ಆದರೆ 6. ಬಹಳಷ್ಟು ಕಡೆ ಅವು 5 ಮಿ.ಮೀ. ಬೋಲ್ಟುಗಳು, ಅಂದರೆ ಎಂ5.

ತೂತು ಕೊರೆಯುವುದಕ್ಕೆ ಏನೇನು ದಾರಿ ಇದೆ, ಯಾವುದು ಯಾರಿಗೆ ಸರಿ ಅಂತ ಇಲ್ಲಿ ಹೇಳುತ್ತೇನೆ. ಜಿಗ್ ಅಂದರೆ ಡ್ರಿಲ್ ಬಿಟ್‌ಗೆ ಸರಿಯಾದ ಜಾಗವನ್ನೂ ದಿಕ್ಕನ್ನೂ ತೋರಿಸುವ ತೂತಿನ ಅಚ್ಚು. ಈ ದಾರಿಗಳಲ್ಲಿ ಹೆಚ್ಚಿನವನ್ನು ನಾನೇ ಮಾಡಿ ನೋಡಿದ್ದೇನೆ. ಒಂದೆರಡರಲ್ಲಿ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ.

ಎಷ್ಟು ನಿಖರ ಇದ್ದರೆ ಸಾಕು?

ಸಾಧನ ಆರಿಸುವ ಮೊದಲು ಇದು ಗೊತ್ತಿರಬೇಕು. ಇಲ್ಲದಿದ್ದರೆ ಎಲ್ಲಾ ದಾರಿಯೂ ಒಂದೇ ಥರ ಕಾಣುತ್ತದೆ.

ಎಂ5 ಬೋಲ್ಟ್ ಅನ್ನು ವರ್ನಿಯರ್‌ನಲ್ಲಿ ಅಳೆದರೆ 5 ಮಿ.ಮೀ.ಗಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಸುಮಾರು 4.9. ಪ್ರಾಪ್‌ನಲ್ಲಿ ನೀವು 5.2 ಮಿ.ಮೀ. ತೂತು ಕೊರೆದಿರಿ ಅನ್ನೋಣ. ಅಲ್ಲಿಗೆ ಒಟ್ಟು ಆಟ 0.3, ಅಂದರೆ ಒಂದೊಂದು ಬದಿಗೆ 0.15 ಮಿ.ಮೀ. ನಾಲ್ಕೂ ತೂತು ಇಷ್ಟರೊಳಗೆ ಕೂತರೆ ಬೋಲ್ಟುಗಳು ಜಗಳವಾಡದೆ ಒಳಗೆ ಹೋಗುತ್ತವೆ. ಒಂದು ತೂತು ಅರ್ಧ ಮಿ.ಮೀ. ಆಚೆ ಹೋಯಿತೋ, ಮೂರು ಬೋಲ್ಟ್ ಸಲೀಸು, ನಾಲ್ಕನೆಯದು ತಲೆ ಅಲ್ಲಾಡಿಸುತ್ತದೆ. ಆಗ ನಾವೇನು ಮಾಡುತ್ತೇವೆ? ದುಂಡು ಅರ ತೆಗೆದು ಆ ತೂತನ್ನು ಉಜ್ಜುತ್ತೇವೆ. ಇಲ್ಲವೇ ಬೋಲ್ಟ್ ಅನ್ನು ಒತ್ತಿ ತಿರುಗಿಸಿ ಹೇಗೋ ಕೂರಿಸುತ್ತೇವೆ. ಆ ಬೋಲ್ಟ್ ಇಡೀ ಪ್ರಾಪ್ ಅನ್ನು ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ.

ಎಳೆದರೆ ಏನಾಯಿತು ಅಂತೀರಾ? ಲೆಕ್ಕ ಹಾಕಿ. 100 ಗ್ರಾಂ ತೂಗುವ 22 ಇಂಚಿನ ಪ್ರಾಪ್ ನಿಮಿಷಕ್ಕೆ 7000 ಸುತ್ತು ತಿರುಗುತ್ತಿದೆ. ಅದರ ನಡು ಅರ್ಧ ಮಿ.ಮೀ. ಜರುಗಿದರೆ ಎಂಜಿನ್ ಮೇಲೆ ಬೀಳುವ ಎಳೆತ ಸುಮಾರು 2.7 ಕೆ.ಜಿ. ಅದೂ ಒಂದು ಕಡೆಗಲ್ಲ. ಸೆಕೆಂಡಿಗೆ 116 ಸಲ ಸುತ್ತುತ್ತಾ ಎಲ್ಲಾ ದಿಕ್ಕಿಗೂ ಜಗ್ಗುತ್ತದೆ. ಮಫ್ಲರ್ ಬೋಲ್ಟ್ ಸಡಿಲವಾಗುವುದು, ಸರ್ವೋ (ರೆಕ್ಕೆ, ಬಾಲದ ಪಟ್ಟಿ ಅಲ್ಲಾಡಿಸುವ ಸಣ್ಣ ಮೋಟಾರು) ಗೇರ್ ಸವೆಯುವುದು, ಎಂಜಿನ್ ಕೂರುವ ಫೈರ್‌ವಾಲ್ ಹಲಗೆ ಅಂಟು ಬಿಡುವುದು ಇವೆಲ್ಲಾ ಇಂಥ ನಡುಕದ ಮಕ್ಕಳು. ಅದೇ ವೇಗದಲ್ಲಿ ಅಲಗಿನ ತುದಿ ಗಂಟೆಗೆ 730 ಕಿ.ಮೀ. ದಾಟಿ ಓಡುತ್ತಿರುತ್ತದೆ. ತುದಿಯಲ್ಲಿರುವ ಒಂದು ಗ್ರಾಂ ಮರ ಹೊರಕ್ಕೆ ಸುಮಾರು 15 ಕೆ.ಜಿ. ಬಲದಲ್ಲಿ ಎಳೆಯುತ್ತದೆ. ಹಾಗಾಗಿ ಬಿರುಕು ಬಿಟ್ಟ ಪ್ರಾಪ್ ಹಬ್ (ಪ್ರಾಪ್‌ನ ದಪ್ಪ ನಡುಭಾಗ) ಜೊತೆ ಯಾವ ರಾಜಿಯೂ ಬೇಡ.

ಇಲ್ಲೊಂದು ಮೋಸ ಇದೆ. ಎರಡೂ ಅಲಗಿನ ತೂಕ ಸಮ ಇದೆಯಾ ಅಂತ ನೋಡಲು ನಾವು ಪ್ರಾಪ್ ಅನ್ನು ಬ್ಯಾಲೆನ್ಸರ್ ಮೇಲೆ ಇಡುವಾಗ ಅದು ನಡುವಿನ ತೂತಿನ ಮೇಲೆ ನಿಲ್ಲುತ್ತದೆ. ಬೋಲ್ಟ್ ತೂತು ಎಷ್ಟೇ ವಕ್ರವಾಗಿರಲಿ, ಅಲ್ಲಿ ಎಲ್ಲಾ ಸಮ ಅಂತಲೇ ಕಾಣುತ್ತದೆ. ತಪ್ಪು ಬಯಲಾಗುವುದು ಎಂಜಿನ್ ಮೇಲೆ ಬಿಗಿದ ನಂತರ. "ಬ್ಯಾಲೆನ್ಸ್ ಮಾಡಿದ್ದೇನಲ್ಲ, ಮತ್ತೆ ಯಾಕೆ ನಡುಗುತ್ತಿದೆ?" ಅಂತ ಎಂಜಿನ್ ಮೌಂಟ್, ರಬ್ಬರ್, ಸ್ಪಿನ್ನರ್ (ಪ್ರಾಪ್ ನಡುವನ್ನು ಮುಚ್ಚುವ ಚೂಪು ಟೋಪಿ) ಎಲ್ಲಾ ಹುಡುಕುವವರಿದ್ದಾರೆ. ನಾನೂ ಹುಡುಕಿದ್ದೇನೆ.

ಹಾಗಾಗಿ ನಮಗೆ ಬೇಕಿರುವುದು ಹೆಚ್ಚುಕಡಿಮೆ 0.1 ಮಿ.ಮೀ. ನಿಖರತೆ, ಜೊತೆಗೆ ನೆಟ್ಟಗಿರುವ ತೂತು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. 25 ಮಿ.ಮೀ. ದಪ್ಪದ ಪ್ರಾಪ್ ಹಬ್‌ನಲ್ಲಿ ಡ್ರಿಲ್ ಬರೀ 1 ಡಿಗ್ರಿ ವಾಲಿದರೂ ಆಚೆ ಬದಿಗೆ ಬರುವಾಗ 0.44 ಮಿ.ಮೀ. ಜರುಗಿರುತ್ತದೆ. 1 ಡಿಗ್ರಿ ವಾಲಿದ್ದು ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಬರಿಗೈ ಡ್ರಿಲ್ ಮತ್ತು ಮುಂದಿನ ವಾಷರ್

ಕೈಯಲ್ಲಿ ಹಿಡಿಯುವ ಡ್ರಿಲ್, ಕಾಗದದ ಮೇಲೆ ಬರೆದ ನಕ್ಷೆ, ಗುರುತಿನ ಚುಕ್ಕೆ ಹೊಡೆಯುವ ಸೆಂಟರ್ ಪಂಚ್. ಇದು ಎಲ್ಲಕ್ಕಿಂತ ಅಗ್ಗದ ದಾರಿ. ಮೇಲಿನ ಲೆಕ್ಕ ನೋಡಿದ ಮೇಲೆ ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಣ್ಣಳತೆಯ ಪಂಚ್ ಗುರುತೇ ಅರ್ಧ ಮಿ.ಮೀ. ಆಚೀಚೆ ಹೋಗಬಹುದು. ಮರದ ಎಳೆ ಬಿಟ್‌ನ ತುದಿಯನ್ನು ತನ್ನ ಕಡೆ ಎಳೆಯುತ್ತದೆ. ಕೈ ವಾಲುತ್ತದೆ. ಬೇಡ.

ಇದಕ್ಕಿಂತ ಜಾಣತನ ಅನ್ನಿಸುವ ಇನ್ನೊಂದು ದಾರಿ ಇದೆ. ಎಂಜಿನ್ ಜೊತೆ ಪ್ರಾಪ್ ಮುಂದೆ ಕೂರುವ ಅಲ್ಯೂಮಿನಿಯಂ ವಾಷರ್ ಬರುತ್ತದೆ. ಅದರಲ್ಲಿ ಆಗಲೇ ಸರಿಯಾದ ಜಾಗದಲ್ಲಿ ತೂತುಗಳಿವೆ. ಅದನ್ನೇ ಪ್ರಾಪ್‌ಗೆ ಒತ್ತಿ ಹಿಡಿದು ಅದರ ಮೂಲಕ ಕೊರೆದರೆ ಆಯಿತಲ್ಲ? ನನ್ನ ಮೊದಲ 22 ಇಂಚಿನ ಪ್ರಾಪ್ ಹಾಳಾಗಿದ್ದು ಹೀಗೇ. ವಾಷರ್ ತೂತುಗಳು ಬೋಲ್ಟ್ ಸಲೀಸಾಗಿ ಹೋಗಲಿ ಅಂತ ಸ್ವಲ್ಪ ದೊಡ್ಡದಾಗಿರುತ್ತವೆ. 5 ಮಿ.ಮೀ. ಬಿಟ್ ಅದರೊಳಗೆ ಅಲ್ಲಾಡುತ್ತದೆ. ಸಾಲದ್ದಕ್ಕೆ ಬಿಟ್‌ನ ಅಂಚು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನಾಲ್ಕನೇ ತೂತು ಮುಗಿಯುವ ಹೊತ್ತಿಗೆ ಮರದ ಹೊಟ್ಟಿನ ನಡುವೆ ಬೆಳ್ಳಿ ಪುಡಿ ಮಿನುಗುತ್ತಿತ್ತು. ಬೋಲ್ಟ್ ಕೂರಿಸಲು ಅರ ಹಿಡಿದೆ, ಕೂರಿಸಿದೆ, ಹಾರಿಸಿದೆ. ಮೂರನೇ ಹಾರಾಟಕ್ಕೆ ಮಫ್ಲರ್ ನೇತಾಡುತ್ತಾ ಬಂತು. ಪ್ರಾಪ್ ಹೋಯಿತು, ವಾಷರ್ ತೂತುಗಳೂ ಮೊಟ್ಟೆಯಾಕಾರ ಆದವು.

ಹಾಗಂತ ವಾಷರ್ ಪೂರ್ತಿ ಕೆಲಸಕ್ಕೆ ಬಾರದ್ದೇನಲ್ಲ. ಬೇರೆ ಏನೂ ಕೈಗೆ ಸಿಗದಿದ್ದರೆ ಅದನ್ನು ಗುರುತು ಹಾಕಲು ಮಾತ್ರ ಬಳಸಿ. ವಾಷರ್ ತೂತಿಗೆ ಬಿಗಿಯಾಗಿ ಕೂರುವ ಟ್ರಾನ್ಸ್‌ಫರ್ ಪಂಚ್ ಅಥವಾ ನಡುವೆ ಚೂಪು ಮೊನೆ ಇರುವ ಮರದ ಬಿಟ್ ತೆಗೆದುಕೊಳ್ಳಿ. 1 ಮಿ.ಮೀ. ಆಳಕ್ಕೆ ಗುರುತು ಮಾಡಿ ವಾಷರ್ ತೆಗೆದಿಡಿ. ಕೊರೆಯುವುದನ್ನು ಬೆಂಚ್ ಡ್ರಿಲ್‌ನಲ್ಲಿ, ಅಂದರೆ ಮೇಜಿನ ಮೇಲೆ ನಿಂತು ಬಿಟ್ ನೆಟ್ಟಗೆ ಇಳಿಸುವ ಮೆಷಿನ್‌ನಲ್ಲಿ ಮಾಡಿ. ಇದರಲ್ಲೂ ಅದೃಷ್ಟದ ಪಾಲು ಇದ್ದೇ ಇದೆ.

ರೆಡಿ ಸಿಗುವ ಸ್ಟೀಲ್ ಜಿಗ್

ನೇರವಾಗಿ ಹೇಳಿಬಿಡುತ್ತೇನೆ. ಒಂದು ಎಂಜಿನ್, ವರ್ಷಕ್ಕೆ ನಾಲ್ಕೈದು ಮರದ ಪ್ರಾಪ್, ಮನೆಯಲ್ಲೋ ಗೆಳೆಯರ ಹತ್ತಿರವೋ ಬೆಂಚ್ ಡ್ರಿಲ್. ನಿಮ್ಮದು ಈ ಲೆಕ್ಕವಾದರೆ ಆ ಎಂಜಿನ್‌ಗೇ ಅಂತ ಮಾಡಿದ ಸ್ಟೀಲ್ ಜಿಗ್ ಕೊಂಡುಕೊಳ್ಳಿ. ಡಿಎಲ್‌ಇ, ಡೆಸರ್ಟ್ ಏರ್‌ಕ್ರಾಫ್ಟ್ ಥರದ ಹೆಸರಾದ ಎಂಜಿನ್‌ಗಳಿಗೆ ಇಂಥ ಜಿಗ್ ಸಿಗುತ್ತದೆ. ದಪ್ಪ ಬಿಲ್ಲೆ, ಅದರಲ್ಲಿ ಬೋಲ್ಟ್ ತೂತುಗಳು, ನಡುವೆ ಪ್ರಾಪ್‌ನ ತೂತಿಗೆ ಕೂರುವ ಪಿನ್ನು. ಇಷ್ಟೇ ಅದರ ಮೈಕಟ್ಟು.

ಕೊಳ್ಳುವಾಗ ಮೂರು ವಿಷಯ ನೋಡಬೇಕು. ಮೊದಲನೆಯದು ಲೋಹ. ಹದ ಮಾಡಿದ ಸ್ಟೀಲ್ ಆಗಿದ್ದರೆ ಅದರ ಅಂಚಿನ ಮೇಲೆ ಅರ ಹಾಕಿದಾಗ ಅರ ಜಾರುತ್ತದೆ. ಕಚ್ಚಿಕೊಂಡು ಪುಡಿ ಬಂದರೆ ಅದು ಮೆತ್ತನೆಯದು. ಮೆತ್ತನೆ ಸ್ಟೀಲ್ ಆದರೂ ಹತ್ತಾರು ಪ್ರಾಪ್ ನಡೆಯುತ್ತದೆ, ಆದರೆ ಬರೀ ಅಲ್ಯೂಮಿನಿಯಂ ಜಿಗ್ ನನ್ನ ವಾಷರ್‌ನ ದೊಡ್ಡಪ್ಪ ಅಷ್ಟೇ. ಎರಡನೆಯದು ದಪ್ಪ. 5 ಮಿ.ಮೀ. ಬಿಟ್ ಅನ್ನು ನೆಟ್ಟಗೆ ಹಿಡಿಯಲು ಕನಿಷ್ಠ 10 ಮಿ.ಮೀ. ದಪ್ಪ ಬೇಕು. 4 ಮಿ.ಮೀ. ತಗಡು ಜಾಗ ತೋರಿಸುತ್ತದೆ, ದಿಕ್ಕು ಹಿಡಿಯುವುದಿಲ್ಲ. ಮೂರನೆಯದು ನಡುವಿನ ಪಿನ್ನು. ಇದರ ಬಗ್ಗೆ ಮುಂದೆ ಬೇರೆಯಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಜನ ಎಡವುವುದು ಅಲ್ಲೇ.

ಹತ್ತಾರು ಎಂಜಿನ್‌ಗಳ ತೂತನ್ನು ಒಂದೇ ಬಿಲ್ಲೆಯಲ್ಲಿ ಕೊಡುವ ಯೂನಿವರ್ಸಲ್ ಜಿಗ್ ಕೂಡ ಇದೆ. ಎರಡು ಮೂರು ಎಂಜಿನ್ ಇರುವವರಿಗೆ ಇದು ಆಸೆ ಹುಟ್ಟಿಸುತ್ತದೆ. ಜೇನುಗೂಡಿನ ಥರ ತೂತುಗಳು. ಎರಡು ಪ್ಯಾಟರ್ನ್‌ಗಳ ನಡುವೆ ಒಂದೇ ಮಿ.ಮೀ. ವ್ಯತ್ಯಾಸ ಇರಬಹುದು. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಮೂರು ತೂತು ಒಂದು ಎಂಜಿನ್‌ನದು, ನಾಲ್ಕನೆಯದು ಇನ್ನೊಂದರದು ಕೊರೆದೆ. ಅದಾದ ಮೇಲೆ ಬೇಡದ ತೂತುಗಳ ಮೇಲೆ ಟೇಪ್ ಅಂಟಿಸಿಯೇ ಕೆಲಸ ಶುರು ಮಾಡುತ್ತೇನೆ. ಯೂನಿವರ್ಸಲ್ ಕೊಂಡರೆ ನೀವೂ ಹಾಗೇ ಮಾಡಿ. ಒಂದೇ ಎಂಜಿನ್ ಇದ್ದರೆ ಅದರ ಸಹವಾಸವೇ ಬೇಡ.

ಟರ್ನರ್ ಅಂಗಡಿಯಲ್ಲಿ ಮಾಡಿಸುವುದು

ಜಿಗ್ ಅನ್ನು ಲೇತ್ ಕೆಲಸದ ಟರ್ನರ್ ಹತ್ತಿರ ಮಾಡಿಸುವುದು ನಮ್ಮ ಊರಿನವರಿಗೆ ನಿಜಕ್ಕೂ ಒಳ್ಳೆಯ ದಾರಿ. ಹೊರದೇಶದಿಂದ ಜಿಗ್ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ, ಕಾಯುವುದು ಬೇರೆ. ಬೆಂಗಳೂರಿನ ಪೀಣ್ಯದಲ್ಲಿ ಒಂದು ರಸ್ತೆ ನಡೆದರೆ ಲೇತ್, ಮಿಲ್ಲಿಂಗ್, ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಎಲ್ಲಾ ಸಿಗುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮೈಸೂರಿನಲ್ಲೂ ಇಂಥ ಕೆಲಸಗಾರರು ಇದ್ದಾರೆ. ಕಷ್ಟ ಏನೆಂದರೆ ಸಾವಿರ ಪೀಸಿನ ಆರ್ಡರ್ ಮಾಡುವವರ ಮುಂದೆ ಒಂದೇ ಪೀಸ್ ಕೇಳಿಕೊಂಡು ನಿಲ್ಲಬೇಕು. ಶನಿವಾರ ಸಂಜೆ ಹೋಗಿ, ಚಾ ಕುಡಿಸಿ. ವಿಮಾನದ ಫೋಟೋ ತೋರಿಸಿದರೆ ಕೆಲಸ ಇನ್ನೂ ಬೇಗ ಆಗುತ್ತದೆ.

ಟರ್ನರ್ ಕೇಳುವ ಮೊದಲ ಪ್ರಶ್ನೆ, "ಪಿಸಿಡಿ ಎಷ್ಟು ಸಾರ್?" ಬೋಲ್ಟ್‌ಗಳ ನಡುಗಳನ್ನು ಸೇರಿಸಿ ಒಂದು ವೃತ್ತ ಎಳೆದರೆ ಅದರ ಅಡ್ಡಳತೆಯೇ ಪಿಸಿಡಿ. ಇದನ್ನು ಅಳೆಯುವುದು ಸುಲಭ. ಎದುರುಬದುರು ಇರುವ ಎರಡು ಬೋಲ್ಟನ್ನು ಹಬ್‌ಗೆ ಪೂರ್ತಿ ತಿರುಗಿಸಿ ಹಾಕಿ. ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿಯಿರಿ. ಬಂದ ಅಳತೆಯಲ್ಲಿ ಒಂದು ಬೋಲ್ಟ್‌ನ ದಪ್ಪ ಕಳೆಯಿರಿ. ಸರಿ ಇದೆಯೋ ಅಂತ ನೋಡಲು ಪಕ್ಕಪಕ್ಕದ ಬೋಲ್ಟುಗಳನ್ನೂ ಹಾಗೇ ಅಳೆಯಿರಿ. 6 ಬೋಲ್ಟ್ ಇದ್ದರೆ ಪಕ್ಕದ ಬೋಲ್ಟ್‌ಗಿರುವ ದೂರ ಪಿಸಿಡಿಯ ಸರಿಯಾಗಿ ಅರ್ಧ ಬರಬೇಕು. 4 ಇದ್ದರೆ ಪಿಸಿಡಿಯನ್ನು 0.707ರಿಂದ ಗುಣಿಸಿ. ಅಂದರೆ ಪಿಸಿಡಿ 30 ಆದರೆ 6 ಬೋಲ್ಟ್‌ಗೆ 15, 4 ಬೋಲ್ಟ್‌ಗೆ 21.2 ಮಿ.ಮೀ. ಎರಡು ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಅಳೆಯಿರಿ. ಎಂಜಿನ್ ಪುಸ್ತಕದಲ್ಲಿ ಪಿಸಿಡಿ ಬರೆದಿದ್ದರೂ ನಾನು ಅಳೆಯದೆ ಬಿಡುವುದಿಲ್ಲ. ಸಾಧ್ಯವಾದರೆ ಹಬ್ ಅಥವಾ ವಾಷರ್ ಅನ್ನೇ ಟರ್ನರ್ ಕೈಗೆ ಕೊಡಿ. ಕಾಗದದ ಡ್ರಾಯಿಂಗ್‌ಗಿಂತ ಅವರು ಅದನ್ನೇ ಜಾಸ್ತಿ ನಂಬುತ್ತಾರೆ.

ಲೋಹ ಯಾವುದು? ಓಎಚ್‌ಎನ್‌ಎಸ್ ಅನ್ನುವ, ಎಣ್ಣೆಯಲ್ಲಿ ಹದ ಮಾಡುವ ಸ್ಟೀಲ್‌ನಲ್ಲಿ ಮಾಡಿ ಹದ ಹಾಕಿಸೋಣ ಅಂತ ಕೆಲವರು ಹೇಳುತ್ತಾರೆ. ಚೆನ್ನಾಗೇ ಇರುತ್ತದೆ, ಆದರೆ ಹದ ಹಾಕುವಾಗ ಅಳತೆ ಸ್ವಲ್ಪ ಓಡಬಹುದು, ಖರ್ಚೂ ಜಾಸ್ತಿ. ನನಗೆ ಹಿಡಿಸಿದ್ದು ಬೇರೆ ಉಪಾಯ. ಸಾದಾ ಮೈಲ್ಡ್ ಸ್ಟೀಲ್ ಬಿಲ್ಲೆ. ಅದರಲ್ಲಿ ಪಿಸಿಡಿ ಪ್ರಕಾರ ದೊಡ್ಡ ತೂತು. ಪ್ರತಿ ತೂತಿಗೂ ಅಂಗಡಿಯಲ್ಲಿ ಸಿಗುವ ಹದ ಮಾಡಿದ ಡ್ರಿಲ್ ಬುಷ್ (ಬಿಟ್‌ಗೆ ದಾರಿ ತೋರಿಸುವ ಪುಟ್ಟ ಕೊಳವೆ) ಒತ್ತಿ ಕೂರಿಸುವುದು. ಬುಷ್ ಸವೆದರೆ ಬುಷ್ ಮಾತ್ರ ಬದಲಿಸಿದರೆ ಸಾಕು. ಬಿಲ್ಲೆಯ ಎರಡೂ ಮುಖ ಒಂದೇ ಸೆಟ್ಟಿಂಗ್‌ನಲ್ಲಿ ತಿರುಗಿಸಿ ಸಮ ಮಾಡಲು ಹೇಳಿ. ತೂತುಗಳನ್ನು ಕೈ ಗುರುತಿನಲ್ಲಿ ಮಾಡಬೇಡಿ, ಡಿಆರ್‌ಓ (ಅಳತೆಯನ್ನು ಅಂಕಿಯಲ್ಲಿ ತೋರಿಸುವ ಪರದೆ) ಇರುವ ಮಿಲ್ಲಿಂಗ್ ಅಥವಾ ವಿಎಂಸಿಯಲ್ಲೇ ಮಾಡಿ ಅಂತ ಮೊದಲೇ ಹೇಳಬೇಕು. ನನಗೆ ಮೊದಲ ಸಲ ಮಾಡಿಕೊಟ್ಟವರು ಗುರುತು ಹಾಕಿ ಪಂಚ್ ಹೊಡೆದು ಕೊರೆದಿದ್ದರು. ನೋಡಲು ಕನ್ನಡಿಯ ಥರ ಹೊಳೆಯುತ್ತಿತ್ತು. ಬೋಲ್ಟ್ ಹಾಕಿ ನೋಡಿದರೆ ನನ್ನ ಬರಿಗೈ ಕೆಲಸಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ಥ್ರೀಡಿ ಪ್ರಿಂಟ್ ಮಾಡಿದ ಜಿಗ್ ಬಗ್ಗೆ ಹುಡುಗರು ಕೇಳುತ್ತಿರುತ್ತಾರೆ. ಪ್ಲಾಸ್ಟಿಕ್ ಜಿಗ್‌ನಲ್ಲಿ ಬಿಟ್ ಬಿಸಿಯಾಗಿ ತೂತು ಕರಗಿ ಅಗಲವಾಗುತ್ತದೆ. ಪ್ರಿಂಟರ್‌ನಲ್ಲಿ ತೂತು ಹೇಳಿದ್ದಕ್ಕಿಂತ ಚಿಕ್ಕದಾಗಿ ಬರುವುದೂ ಮಾಮೂಲಿ. ಬುಷ್ ಹಾಕಿದರೆ ಪರವಾಗಿಲ್ಲ. ಆದರೆ ಬುಷ್‌ಗಳೇ ಕೈಯಲ್ಲಿದ್ದಾಗ ಸ್ಟೀಲ್ ಬಿಲ್ಲೆ ಮಾಡಿಸುವುದೇ ವಾಸಿ ಅಲ್ವಾ? ಪ್ರಿಂಟರ್‌ನ ನಿಜವಾದ ಲಾಭ ಬೇರೆ ಕಡೆ ಇದೆ. ಪಿಸಿಡಿ ಸರಿಯಾಗಿ ಅಳೆದಿದ್ದೀರಾ ಅಂತ ನೋಡಲು 3 ಮಿ.ಮೀ. ದಪ್ಪದ ಮಾದರಿ ಪ್ರಿಂಟ್ ಮಾಡಿ ಹಬ್ ಮೇಲೆ ಇಟ್ಟು ನೋಡಿ. ಟರ್ನರ್‌ಗೆ ಕೆಲಸ ಕೊಡುವ ಮೊದಲು ಅದು ದುಡ್ಡು ಉಳಿಸುತ್ತದೆ.

ಮಿಲ್ಲಿಂಗ್ ಮೆಷಿನ್‌ನಲ್ಲೇ ನೇರವಾಗಿ ಪ್ರಾಪ್ ಕೊರೆಯಬಾರದೇ? ಕೊರೆಯಬಹುದು. ಡಿಆರ್‌ಓದಲ್ಲಿ ಪಿಸಿಡಿ ಕೊಟ್ಟರೆ ಒಂದೊಂದು ತೂತಿನ ಜಾಗ ಅದೇ ತೋರಿಸುತ್ತದೆ. ಆದರೆ ಪ್ರತಿ ಪ್ರಾಪ್‌ಗೂ ತಿರುಚಿದ ಅಲಗುಗಳನ್ನು ಸರಿಯಾಗಿ ಹಿಡಿದು, ಡಯಲ್ ಗೇಜ್ (ಮುಳ್ಳಿನ ಅಳತೆ ಸಾಧನ) ಹಾಕಿ ನಡು ಹುಡುಕಬೇಕು. ಇದಕ್ಕೇ ಅಂತ ಮೆಷಿನ್ ಕೊಂಡರೆ ಮೂಗಿಗಿಂತ ಮೂಗುತಿ ಭಾರ. ಕ್ಲಬ್ಬಿನ ಎಲ್ಲರ ಪ್ರಾಪ್ ಕೊರೆದುಕೊಡುವ ಪುಣ್ಯಾತ್ಮರಿಗೆ ಮಾತ್ರ ಇದು ಸರಿ.

ನಡುವಿನ ತೂತು ಮೊದಲು

ಮೇಲೆ ಹೇಳಿದ ಪಿನ್ನಿನ ವಿಷಯಕ್ಕೆ ಬರೋಣ. ಎಂಥ ದುಬಾರಿ ಜಿಗ್ ಆದರೂ ಅದು ಪ್ರಾಪ್‌ನ ನಡುವನ್ನು ಕಂಡುಹಿಡಿಯುವುದು ನಡುವಿನ ತೂತಿನ ಮೂಲಕ. ಆ ತೂತಿನಲ್ಲಿ ಪಿನ್ನು ಅಲ್ಲಾಡಿದರೆ ಜಿಗ್‌ನ ನಿಖರತೆ ಎಲ್ಲಾ ನೀರಿಗೆ ಹೋಯಿತು. ನಾಲ್ಕು ತೂತು ಒಂದಕ್ಕೊಂದು ಸರಿಯಾಗೇ ಇರುತ್ತವೆ, ಬೋಲ್ಟುಗಳೂ ಬೆಣ್ಣೆಯ ಥರ ಹೋಗುತ್ತವೆ, ಆದರೆ ನಾಲ್ಕೂ ಸೇರಿ ಒಂದು ಪಕ್ಕಕ್ಕೆ ಜರುಗಿರುತ್ತವೆ.

ಕೆಲವು ಎಂಜಿನ್‌ಗಳ ಹಬ್ ನಡುವಿನಿಂದ ಒಂದು ಗುಂಡು ಮೂತಿ ಹೊರಬಂದಿರುತ್ತದೆ, ಪ್ರಾಪ್‌ನ ತೂತು ಅದರ ಮೇಲೆ ಕೂರುತ್ತದೆ. ಪ್ರಾಪ್ ಬರುವಾಗ ಆ ತೂತು ಚಿಕ್ಕದಾಗಿದ್ದರೆ ಮೊದಲು ಅದನ್ನು ದೊಡ್ಡದು ಮಾಡಬೇಕು. ಡ್ರಿಲ್ ಬಿಟ್ ಬೇಡ, ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ರೀಮರ್ ಬಳಸಿ. ಅದರ ಚಿಕ್ಕ ಮೆಟ್ಟಿಲು ಹಳೆಯ ತೂತಿನಲ್ಲಿ ಕೂತು ದೊಡ್ಡ ಮೆಟ್ಟಿಲಿಗೆ ದಾರಿ ತೋರಿಸುತ್ತದೆ. ಆಮೇಲೆ ಹೊಸ ಅಳತೆಯ ಪಿನ್ನು ಹಾಕಿ ಬೋಲ್ಟ್ ತೂತು ಕೊರೆಯಿರಿ. ಬೋಲ್ಟ್ ತೂತು ಮೊದಲು ಕೊರೆದು ನಡುವಿನದನ್ನು ಆಮೇಲೆ ಅಗಲ ಮಾಡಿದರೆ ರೀಮರ್ ಎತ್ತ ಜಾರಿದರೂ ಹಿಡಿಯುವವರಿಲ್ಲ. ಇನ್ನೊಂದು ಸೂಕ್ಷ್ಮ: ಅಮೆರಿಕದ ಅಳತೆಯ 3/8 ಇಂಚು ಅಂದರೆ 9.5 ಮಿ.ಮೀ. ಅದನ್ನು 10 ಅಂದುಕೊಳ್ಳಬೇಡಿ. ಪಿನ್ನು ಚೂರು ಸಡಿಲ ಇದ್ದರೆ ಅದಕ್ಕೆ ಸೆಲೋ ಟೇಪ್ ಒಂದು ಸುತ್ತು ಸುತ್ತಿ. ನಾಚಿಕೆಪಡುವ ಕೆಲಸವೇನಲ್ಲ, ನಾನು ಈಗಲೂ ಮಾಡುತ್ತೇನೆ.

ಬೆಂಚ್ ಡ್ರಿಲ್ ಮುಂದೆ ನಿಂತಾಗ

ಕೈ ಡ್ರಿಲ್ ಕೂರಿಸುವ ಅಗ್ಗದ ಸ್ಟ್ಯಾಂಡ್ ಬೇರೆ, ಬೆಂಚ್ ಡ್ರಿಲ್ ಬೇರೆ. ಸ್ಟ್ಯಾಂಡ್‌ನಲ್ಲಿ ಒತ್ತಿದಾಗ ಕಂಬವೇ ಬಾಗುತ್ತದೆ. ಒಳ್ಳೆಯ ಜಿಗ್‌ಗೆ ಕೊಡುವ ದುಡ್ಡಿದ್ದು ಬೆಂಚ್ ಡ್ರಿಲ್ ಇಲ್ಲದಿದ್ದರೆ, ಜಿಗ್ ಕೊಂಡು ಪ್ರಾಪ್ ಸಮೇತ ಬೆಂಚ್ ಡ್ರಿಲ್ ಇರುವವರ ಮನೆಗೆ ಹೋಗಿ.

ಮೇಜು ಮತ್ತು ಬಿಟ್ ಲಂಬವಾಗಿವೆಯಾ ಅಂತ ನೋಡಲು ಒಂದು ಗಟ್ಟಿ ತಂತಿಯನ್ನು ಬಾಗಿಸಿ ಬಿಟ್ ಹಿಡಿಯುವ ಚಕ್‌ಗೆ ಹಾಕಿ. ತುದಿ ಮೇಜನ್ನು ಸುಮ್ನೆ ತಾಗುವಂತೆ ಇಳಿಸಿ. ಮೆಷಿನ್ ಆಫ್ ಇರುವಾಗ ಕೈಯಲ್ಲಿ ಚಕ್ ತಿರುಗಿಸಿ. ಎಲ್ಲಾ ಕಡೆ ಒಂದೇ ಥರ ತಾಗಬೇಕು. ಒಂದು ಕಡೆ ಗೀರಿ ಇನ್ನೊಂದು ಕಡೆ ಅಂತರ ಬಿಟ್ಟರೆ ಮೇಜು ವಾಲಿದೆ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಜಿಗ್ ಬೈಯುವವರೇ ಜಾಸ್ತಿ.

ಜಿಗ್ ಅನ್ನು ಪ್ರಾಪ್‌ನ ಹಿಂದಿನ ಮುಖಕ್ಕೆ, ಅಂದರೆ ಎಂಜಿನ್ ಹಬ್‌ಗೆ ಕೂರುವ ಮುಖಕ್ಕೆ ಇಡಿ. ಬಿಟ್ ಚೂರು ಓಡಿದರೂ ಅದು ಕಾಣಿಸುವುದು ಮುಂದಿನ ಮುಖದಲ್ಲಿ. ಅಲ್ಲಿ ವಾಷರ್‌ನ ದೊಡ್ಡ ತೂತು ಅದನ್ನು ಕ್ಷಮಿಸುತ್ತದೆ. ಪ್ರಾಪ್ ಹಬ್ ಕೆಳಗೆ ಸಮವಾದ ಮರದ ತುಂಡು ಕೊಟ್ಟು ಅಲಗುಗಳು ಮೇಜಿಗೆ ತಾಗದಂತೆ ಎತ್ತರಿಸಿ. ಆ ತುಂಡು ಇದ್ದರೆ ಬಿಟ್ ಹೊರಬರುವಾಗ ಮರ ಸಿಗಿಯುವುದೂ ಇಲ್ಲ.

ಕೊರೆಯುವ ಮೊದಲು ಅಲಗಿನ ದಿಕ್ಕು ತೀರ್ಮಾನಿಸಿ. ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಎಂಜಿನ್ ಆದರೆ ಕಂಪ್ರೆಷನ್ ಬಿಗಿಯಾಗುವ ಜಾಗದಲ್ಲಿ ಅಲಗು ನಿಮ್ಮ ಕೈಗೆ ಅನುಕೂಲವಾಗಿ ನಿಲ್ಲಬೇಕು. ಗಡಿಯಾರದ 10 ಮತ್ತು 4ರ ದಿಕ್ಕು ಬಹಳ ಜನರಿಗೆ ಹಿತ. ಎರಡು ಅಲಗಿನ ಪ್ರಾಪ್ ಅನ್ನು 4 ಬೋಲ್ಟ್ ಹಬ್ ಮೇಲೆ ಎರಡೇ ಕೋನದಲ್ಲಿ ಕೂರಿಸಬಹುದು, 6 ಬೋಲ್ಟ್ ಆದರೆ ಮೂರು ಕೋನ. ಒಮ್ಮೆ ಕೊರೆದ ಮೇಲೆ ಅಷ್ಟೇ ನಿಮ್ಮ ಪಾಲಿಗೆ. ಹಾಗಾಗಿ ಎಂಜಿನ್ ಅನ್ನು ಕಂಪ್ರೆಷನ್‌ಗೆ ತಂದು, ಪ್ರಾಪ್ ಹಿಡಿದು ನೋಡಿ, ಹಬ್‌ನ ಒಂದು ಬೋಲ್ಟ್ ಎಲ್ಲಿ ಬರುತ್ತದೆ ಅಂತ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಇಗ್ನಿಷನ್ ಬ್ಯಾಟರಿ ಕಿತ್ತಿಟ್ಟ ಮೇಲೆ, ಹೇಳಬೇಕಿಲ್ಲ ತಾನೆ.

ಜಿಗ್ ಅನ್ನು ಕ್ಲಾಂಪ್‌ನಿಂದ ಬಿಗಿದು ಮೊದಲ ತೂತು ಕೊರೆಯಿರಿ. ಸ್ವಲ್ಪ ಸ್ವಲ್ಪ ಇಳಿಸಿ, ಎತ್ತಿ ಹೊಟ್ಟು ತೆಗೆದು, ಮತ್ತೆ ಇಳಿಸಿ. ಒಂದೇ ಉಸಿರಿಗೆ ಒತ್ತಿದರೆ ಹೊಟ್ಟು ಗಂಟಾಗಿ ಬಿಟ್ ಅನ್ನು ಪಕ್ಕಕ್ಕೆ ತಳ್ಳುತ್ತದೆ. ತೂತು ಮುಗಿದ ತಕ್ಷಣ ಅದರೊಳಗೆ 5 ಮಿ.ಮೀ. ಪಿನ್ನು ಇಳಿಸಿ. ಆಮೇಲೆ ಎದುರಿನ ತೂತು, ಅದಕ್ಕೂ ಪಿನ್ನು. ಈಗ ಜಿಗ್ ಎಲ್ಲಿಗೂ ಓಡುವುದಿಲ್ಲ. ಉಳಿದವು ಆರಾಮವಾಗಿ ಮುಗಿಯುತ್ತವೆ.

ಬಿಟ್ ಅಳತೆ? ಸಾಮಾನ್ಯ ಎಂಜಿನಿಯರಿಂಗ್ ಪಟ್ಟಿ ಎಂ5 ಬೋಲ್ಟ್‌ಗೆ 5.3 ಅಥವಾ 5.5 ಮಿ.ಮೀ. ತೂತು ಹೇಳುತ್ತದೆ. ಪ್ರಾಪ್‌ಗೆ ಅದು ಸಡಿಲ ಅನ್ನುವುದು ನನ್ನ ಅಭಿಪ್ರಾಯ. ಇಂಚಿನ 13/64 ಬಿಟ್ ಸಿಕ್ಕರೆ ಅದು 5.16 ಮಿ.ಮೀ., ಹೇಳಿ ಮಾಡಿಸಿದ ಹಾಗಿರುತ್ತದೆ. ಇಲ್ಲದಿದ್ದರೆ 5.0ರಲ್ಲಿ ಕೊರೆದು ನೋಡಿ, ಬೇಕಿದ್ದರೆ ಮಾತ್ರ 5.2. ಬೋಲ್ಟ್ ಬೆರಳಲ್ಲಿ ಒತ್ತಿದರೆ ಹೋಗಬೇಕು, ತಾನಾಗಿ ಬೀಳಬಾರದು. ಜಿಗ್‌ನ ಬುಷ್ 5 ಮಿ.ಮೀ.ನದಾದರೆ ದೊಡ್ಡ ಬಿಟ್ ಹಾಕುವ ಮೊದಲು ಜಿಗ್ ತೆಗೆದಿಡಬೇಕು ಅನ್ನುವುದು ನೆನಪಿರಲಿ. ಸ್ಪಿನ್ನರ್‌ನ ಹಿಂದಿನ ತಟ್ಟೆಯನ್ನೂ ಇದೇ ಜಿಗ್‌ನಲ್ಲಿ, ಅದೇ ದಿನ ಕೊರೆದುಬಿಡಿ.

ಕಾರ್ಬನ್ ಪ್ರಾಪ್ ಬಂದರೆ

ಇಲ್ಲಿ ನನ್ನ ಸಲಹೆ ಪೂರ್ತಿ ತಿರುಗುತ್ತದೆ. ಮರದ ಪ್ರಾಪ್ ಹಾಳಾದರೆ ಬೇಸರ, ಕಾರ್ಬನ್ ಹಾಳಾದರೆ ತಿಂಗಳ ಬಜೆಟ್ಟೇ ಅಲ್ಲಾಡುತ್ತದೆ. ಜೆಕ್ ದೇಶದ ಮೆಜ್ಲಿಕ್ ಥರದ ಕಾರ್ಬನ್ ಪ್ರಾಪ್ ಕೊಳ್ಳುವಾಗ ನಿಮ್ಮ ಎಂಜಿನ್ ಪ್ಯಾಟರ್ನ್‌ಗೆ ಕೊರೆದು ಕೊಡುತ್ತಾರಾ ಅಂತ ಮಾರುವವರನ್ನು ಮೊದಲು ಕೇಳಿ. ಕೊಡುವುದಾದರೆ ಸ್ವಲ್ಪ ಜಾಸ್ತಿ ದುಡ್ಡು ಕೇಳಿದರೂ ಕೊಟ್ಟುಬಿಡಿ. ಆರ್ಡರ್ ಮಾಡುವಾಗ ಎಂಜಿನ್ ಹೆಸರಷ್ಟೇ ಬರೆಯಬೇಡಿ, ಬೋಲ್ಟ್ ಎಷ್ಟು, ಪಿಸಿಡಿ ಎಷ್ಟು, ನಡುವಿನ ತೂತು ಎಷ್ಟು ಅಂತ ಅಳತೆ ಸಮೇತ ಬರೆಯಿರಿ. ಅಲಗಿನ ದಿಕ್ಕು ನಿಮ್ಮ ಇಷ್ಟದ ಕೋನಕ್ಕೆ ಬರದೇ ಇರಬಹುದು. ಅದೊಂದೇ ಇದರ ಕೊರತೆ.

ನೀವೇ ಕೊರೆಯಬೇಕಾಗಿ ಬಂದರೆ ಹದ ಮಾಡಿದ ಜಿಗ್ ಇಲ್ಲದೆ ಮುಟ್ಟಬೇಡಿ. ಕಾರ್ಬನ್ ನಾರು ಸಾದಾ ಬಿಟ್‌ನ ಹರಿತವನ್ನು ಬೇಗ ತಿಂದುಹಾಕುತ್ತದೆ, ಕಾರ್ಬೈಡ್ ಬಿಟ್ ಬೇಕು. ಎರಡೂ ಮುಖಕ್ಕೆ ಮರದ ಅಥವಾ ಜಿಗ್‌ನ ಒತ್ತು ಇರದಿದ್ದರೆ ಪದರ ಬಿಟ್ಟುಕೊಳ್ಳುತ್ತದೆ. ಆ ಕಪ್ಪು ಪುಡಿ ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದು. ವಿದ್ಯುತ್ತನ್ನೂ ಹರಿಸುತ್ತದೆ, ರೇಡಿಯೋ, ಚಾರ್ಜರ್ ಇರುವ ಮೇಜಿನ ಹತ್ತಿರ ಈ ಕೆಲಸ ಬೇಡ. ಒಳ್ಳೆಯ ಮಾಸ್ಕ್, ಕೈಗವಸು, ಪಕ್ಕದಲ್ಲಿ ವ್ಯಾಕ್ಯೂಮ್ ಓಡುತ್ತಿರಲಿ.

ಬಿಗಿದ ಮೇಲೆ

ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಅಲಗಿನ ತುದಿಗೆ ತಾಗುವ ಹಾಗೆ ಒಂದು ಡಬ್ಬಿ ಇಟ್ಟು, ಕೈಯಲ್ಲಿ ತಿರುಗಿಸಿ ಇನ್ನೊಂದು ಅಲಗೂ ಅಲ್ಲೇ ಬರುತ್ತದಾ ನೋಡಿ. ಎರಡು ಮಿ.ಮೀ. ಒಳಗೆ ಇದ್ದರೆ ನಾನು ಹಾರಿಸುತ್ತೇನೆ. ಅದಕ್ಕಿಂತ ಜಾಸ್ತಿ ಬಂದರೆ ಪ್ರಾಪ್ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಮೊದಲು ಮುಂದೆ ಬಂದಿದ್ದ ಅಲಗೇ ಈಗಲೂ ಮುಂದೆ ಬಂದರೆ ತಪ್ಪು ಪ್ರಾಪ್‌ನದು. ಈ ಸಲ ಇನ್ನೊಂದು ಅಲಗು ಮುಂದೆ ಬಂದರೆ ಹಬ್ ಕಡೆ ನೋಡಬೇಕು. ಸುಮಾರು ಸಲ ಅಲ್ಲಿ ಸಿಗುವುದು ಹಬ್‌ಗೆ ಅಂಟಿದ ಒಂದು ಚೂರು ಮರದ ಹೊಟ್ಟು.

ತೂತು ತಪ್ಪಿದ ಪ್ರಾಪ್‌ಗೆ ಅಂಟು, ಮರದ ಕಡ್ಡಿ ತುಂಬಿ ಮತ್ತೆ ಕೊರೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಗರಗಸ ತಗೊಂಡು ಎರಡು ತುಂಡು ಮಾಡಿ. ಗೋಡೆಗೆ ನೇತುಹಾಕಿದರೆ ಮುಂದೊಂದು ದಿನ ಯಾರಾದರೂ, ಬಹುಶಃ ನೀವೇ, ಅದನ್ನು ತೆಗೆದು ಎಂಜಿನ್‌ಗೆ ಹಾಕುತ್ತೀರಿ.

ಮರದ ಪ್ರಾಪ್ ಆದರೆ ಮೊದಲ ಸಲ ಓಡಿಸಿ, ತಣ್ಣಗಾದ ಮೇಲೆ ಬೋಲ್ಟ್ ಮತ್ತೆ ನೋಡಿ. ಒತ್ತಡಕ್ಕೆ ಮರ ಸ್ವಲ್ಪ ಕುಗ್ಗಿರುತ್ತದೆ, ಬೋಲ್ಟ್ ಸಡಿಲವಾಗಿರುತ್ತದೆ. ಮಳೆಗಾಲದಲ್ಲಿ ಬಚ್ಚಲುಮನೆ ಬಾಗಿಲು ಉಬ್ಬಿ ಚಿಲಕ ಹಾಕಲು ಬಾರದೇ ಇರುವುದನ್ನು ನೋಡಿದ್ದೀರಲ್ಲ. ಪ್ರಾಪ್‌ನ ಹಬ್ ಕೂಡ ಅದೇ ಜಾತಿಯದು. ಆಷಾಢದಲ್ಲಿ ಬಿಗಿದದ್ದು ಸಂಕ್ರಾಂತಿ ಹೊತ್ತಿಗೆ ಒಣಗಿ ಸಡಿಲವಾಗುತ್ತದೆ. ಹಾಗಾಗಿ ನನ್ನ ಫೀಲ್ಡ್ ಬಾಕ್ಸ್‌ನಲ್ಲಿ ಅಲೆನ್ ಕೀ ಎಲ್ಲಕ್ಕಿಂತ ಮೇಲೆ ಇರುತ್ತದೆ. ಅದರ ಪಕ್ಕದಲ್ಲೇ ಜಿಗ್‌ನ ಡಬ್ಬಿ. ಮುಚ್ಚಳದ ಒಳಗೆ ಎಂಜಿನ್ ಹೆಸರು, ಪಿಸಿಡಿ, ನಡುವಿನ ಪಿನ್ನಿನ ಅಳತೆ, ಬಿಟ್ ಅಳತೆ ಎಲ್ಲಾ ಮಾರ್ಕರ್‌ನಲ್ಲಿ ಬರೆದಿದೆ. ಟೇಪ್ ಅಂಟಿಸಿದ ಆ ಯೂನಿವರ್ಸಲ್ ಜಿಗ್ ಮಾತ್ರ ಈಗ ಮನೆಯಲ್ಲಿ ಪೇಪರ್‌ವೇಟ್ ಆಗಿದೆ.